ಮನೆಗೆ ಬರುವ ದಾದಿ: ಪರೀಕ್ಷಿಸುವವರು ಯಾರು?

ಓಲ್ಡ್ ರಾಜಿಂದರ್ ನಗರವು ದೇಶವಿಭಜನೆಯ ಅನಂತರ ಬಂದ ನಿರಾಶ್ರಿತರಿಗಾಗಿ ನಿರ್ಮಾಣಗೊಂಡ ಬಡಾವಣೆ. ಲಾಹೋರಿನಲ್ಲಿ 1921ರಲ್ಲಿ ಆರಂಭವಾಗಿದ್ದ ಸರ್ ಗಂಗಾರಾಮ್ ಆಸ್ಪತ್ರೆಯೂ ಆ ಜನರ ಬೆನ್ನಿಗೇ ಬಂದಂತೆ 1954ರಲ್ಲಿ ಇದೇ ನೆರೆಯಲ್ಲಿ ಮತ್ತೆ ಬಾಗಿಲು ತೆರೆಯಿತು. ದೊಡ್ಡ ಆಸ್ಪತ್ರೆಗಳಿದ್ದೆಡೆ ಔಷಧದ ಅಂಗಡಿಗಳು, ಅವುಗಳ ಹಿಂದೆಯೇ ‘ನರ್ಸಿಂಗ್ ಬ್ಯೂರೋ’ಗಳು ಹುಟ್ಟಿಕೊಳ್ಳುವುದು ದೆಹಲಿಯ ವಾಡಿಕೆ. ಪಾರ್ಶ್ವವಾಯು ಬಡಿದ ವೃದ್ಧರನ್ನು ಹತ್ತು ಹದಿನೈದು ದಿನಗಳಲ್ಲಿ ಮನೆಗೆ ಕಳುಹಿಸಲಾಗುತ್ತದೆ. ಮೂಗಿನಲ್ಲಿ ಆಹಾರದ ನಳಿಕೆ, ಮಂಚದ ಪಕ್ಕದಲ್ಲಿ ಮೂತ್ರದ ಚೀಲ, ಕೈಯಲ್ಲೊಂದು ಔಷಧದ ಪಟ್ಟಿ. ಯಾರೋ ಕೊಟ್ಟ ದೂರವಾಣಿ ಸಂಖ್ಯೆಗೆ ಕರೆ ಹೋಗುತ್ತದೆ. ಸಂಜೆಯ ವೇಳೆಗೆ ಕೈಚೀಲ ಹಿಡಿದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಲ್ಲುತ್ತಾಳೆ. ಮಗ ಕಚೇರಿಗೆ ಹೋಗಬೇಕು, ಸೊಸೆಯೂ ಹೋಗಬೇಕು. ಬಂದವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ವಿಚಾರಿಸುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗಿದ್ದೀತು?

ದೆಹಲಿಯಲ್ಲಿ ಖಾಸಗಿ ನರ್ಸಿಂಗ್ ಹೋಮುಗಳನ್ನು ನೋಂದಣಿಗೆ ಒಳಪಡಿಸುವ ಕಾಯಿದೆ 1953ರಷ್ಟು ಹಿಂದೆಯೇ ಬಂದಿತು. ಔಷಧದ ಅಂಗಡಿಗೆ ಪರವಾನಗಿ ಬೇಕು; ಇಡ್ಲಿ ಮಾರುವ ಹೋಟೆಲಿಗೂ ಬೇಕು. ಆಸ್ಪತ್ರೆಯ ಕೆಲಸದ ಅರ್ಧಪಾಲು ಮನೆಯ ಮಲಗುವ ಕೋಣೆಗೆ ವರ್ಗವಾಗಿರುವ ಈ ಕಾಲದಲ್ಲಿ ಆ ಕೋಣೆಯಲ್ಲಿ ನಡೆಯುವ ಶುಶ್ರೂಷೆಯ ಗುಣಮಟ್ಟವನ್ನು ಬಂದು ನೋಡುವ ಅಧಿಕಾರಿ ಮಾತ್ರ ಇಲ್ಲ. 2014ರಲ್ಲಿ ದೆಹಲಿ ಸರಕಾರವು ಖಾಸಗಿ ಪ್ಲೇಸ್‌ಮೆಂಟ್ ಏಜೆನ್ಸಿಗಳನ್ನು ಕುರಿತು ಆದೇಶವೊಂದನ್ನು ಹೊರಡಿಸಿತೆಂಬುದು ನಿಜ. ಆದರೆ ಅದು ಮನೆಗೆಲಸದವರ ನೇಮಕಾತಿಗೆ ಸಂಬಂಧಿಸಿದ್ದು, ರೋಗಿಯ ಆರೈಕೆಗಲ್ಲ. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಗೆ ತಿದ್ದುಪಡಿ ತರುವ ಮಸೂದೆಯು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಾಗ, ಮನೆಯಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳೂ ನೋಂದಾಯಿಸಿಕೊಳ್ಳಬೇಕು, ಕನಿಷ್ಠ ಮಟ್ಟಗಳನ್ನು ಪಾಲಿಸಬೇಕು ಎಂಬ ಅಂಶ ಅದರಲ್ಲಿತ್ತು. ಮಸೂದೆ ಸ್ಥಾಯೀ ಸಮಿತಿಗೆ ಹೋಯಿತು. 2024ರಲ್ಲಿ ಆ ಲೋಕಸಭೆಯ ಅವಧಿಯೊಡನೆ ಅದೂ ಮುಗಿಯಿತು. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದ ದೇಶದಲ್ಲಿ ಇಂಥ ಮಸೂದೆ ಸದ್ದಿಲ್ಲದೆ ಕಣ್ಮರೆಯಾದುದು ವಿಷಾದಕರ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆಯು ಮನೆಗೆ ಹೋಗಿ ಆರೈಕೆ ಮಾಡುವ ಏಜೆನ್ಸಿಗಳನ್ನೂ ತಪಾಸಣೆ ಮಾಡಿ ದರ್ಜೆ ಕೊಡುತ್ತದೆ, ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ.

ಕಾಯಿದೆಯೊಂದೇ ಸಾಕೆಂದೂ ಹೇಳಲಾಗದು. 2024ರ ಜುಲೈ 27ರಂದು ಇದೇ ಓಲ್ಡ್ ರಾಜಿಂದರ್ ನಗರದಲ್ಲಿ ಮಳೆಯ ನೀರು ನುಗ್ಗಿ ನೆಲಮಾಳಿಗೆಯ ಗ್ರಂಥಾಲಯದಲ್ಲಿ ಮೂವರು ವಿದ್ಯಾರ್ಥಿಗಳು ಸತ್ತರು. ಸಾಮಾನು ಇಡಲೆಂದು ಅನುಮತಿ ಪಡೆದ ಜಾಗದಲ್ಲಿ ವಿದ್ಯಾರ್ಥಿಗಳು ಕುಳಿತು ಓದುತ್ತಿದ್ದರು. ಕಾಗದವೆಲ್ಲ ಕಡತದಲ್ಲಿತ್ತು, ಮೆಟ್ಟಿಲಿಳಿದು ನೋಡಿದವರಿರಲಿಲ್ಲ. ಕರ್ನಾಟಕದಿಂದ ಮಕ್ಕಳನ್ನು ಆ ಬೀದಿಗಳಿಗೆ ಓದಲು ಕಳುಹಿಸಿದ ತಂದೆತಾಯಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಮನೆಯವರು ನೋಡಬೇಕಾದುದೇನು? ಮೊದಲನೆಯದಾಗಿ, ಬಂದಿರುವಾಕೆ ದಾದಿಯೋ ಅಟೆಂಡೆಂಟಳೋ ಎಂಬುದು. ಜಿ.ಎನ್.ಎಂ. ಎಂದರೆ ಮೂರು ವರ್ಷಗಳ, ಬಿ.ಎಸ್‌ಸಿ. ನರ್ಸಿಂಗ್ ಎಂದರೆ ನಾಲ್ಕು ವರ್ಷಗಳ ಶಿಕ್ಷಣ. ಇವರ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲಿನ ದಾಖಲೆಯಲ್ಲಿರುತ್ತದೆ, ನೋಂದಣಿ ಸಂಖ್ಯೆ ಇರುತ್ತದೆ. ಅಟೆಂಡೆಂಟಳದು ಕೆಲವೇ ತಿಂಗಳ ತರಬೇತಿ. ಎಷ್ಟೋ ವೇಳೆ ಅದೂ ಇಲ್ಲ. ಸ್ನಾನ, ಊಟ, ಮಗ್ಗುಲು ಬದಲಿಸುವುದು, ನಡೆಸುವುದು ಅವಳ ಕೆಲಸ. ಚುಚ್ಚುಮದ್ದು, ನಳಿಕೆ ಬದಲಾವಣೆ ಅವಳದಲ್ಲ. ಬಿಲ್ಲಿನಲ್ಲಿ ‘ನರ್ಸ್’ ಎಂದು ಬರೆದು ಅಟೆಂಡೆಂಟಳನ್ನು ಕಳುಹಿಸುವ ಬ್ಯೂರೋಗಳುಂಟು. ನೋಂದಣಿ ಸಂಖ್ಯೆ ಕೇಳಿದರೆ ಅಪಮಾನವೆಂದುಕೊಳ್ಳುವ ನಿಜವಾದ ದಾದಿ ಅಪರೂಪ. ಪೋಲೀಸ್ ಠಾಣೆಯ ವೆರಿಫಿಕೇಶನ್ ಅವಶ್ಯವಾಗಿ ಆಗಬೇಕು. ಆದರೆ ಅದರಿಂದ ತಿಳಿಯುವುದು ಆಕೆಯ ಗುರುತು, ವಿಳಾಸ, ಹಿನ್ನೆಲೆ ಇಷ್ಟೇ. ಆಕೆಗೆ ಕೆಲಸ ಬರುತ್ತದೆಯೇ ಎಂಬುದು ಅದರಿಂದ ತಿಳಿಯದು. ಕೋಣೆಗೆ ಕ್ಯಾಮೆರಾ ಕಟ್ಟಿ ನಿಶ್ಚಿಂತರಾಗುವವರೂ ಅಷ್ಟೆ. ಬಳೆ ಕಳುವಾದರೆ ಕ್ಯಾಮೆರಾಕ್ಕೆ ಕಾಣಬಹುದು, ಬೆನ್ನಿನ ಹುಣ್ಣು ಕಾಣುವುದಿಲ್ಲ.

ಆ ಹುಣ್ಣೇ ಆರೈಕೆಯ ನಿಜವಾದ ವರದಿಪತ್ರ. ಮಲಗಿದಲ್ಲೇ ಇರುವವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ ಈ ಜಾಗಗಳಲ್ಲಿ ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಂಡರೆ ಹುಣ್ಣು ಆರಂಭವಾಯಿತೆಂದೇ ತಿಳಿಯಬೇಕು. ನಳಿಕೆಯಿಂದ ಆಹಾರ ಕೊಡುವಾಗ ತಲೆಯ ಭಾಗ ಎತ್ತರದಲ್ಲಿದೆಯೇ, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೆಯೇ ಇದೆಯೇ, ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಮಟ್ಟದಲ್ಲಿ ತೂಗುತ್ತಿದೆಯೇ, ಅದನ್ನು ಮುಟ್ಟುವ ಮುನ್ನ ಕೈ ತೊಳೆಯಲಾಯಿತೇ: ಕಚೇರಿಯಿಂದ ಬಂದ ಮಗ ಐದು ನಿಮಿಷದಲ್ಲಿ ಇಷ್ಟನ್ನು ನೋಡಬಲ್ಲ.

ಇನ್ಸುಲಿನ್ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಈ ದೇಶದಲ್ಲಿ ಅದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. 40ರ ಸಿರಿಂಜಿನ ಮುಚ್ಚಳ ಕೆಂಪು, 100ರದು ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ಹತ್ತಲ್ಲ, 25 ಯೂನಿಟ್. ರಾತ್ರಿ ರಕ್ತದ ಸಕ್ಕರೆ ಇಳಿದು ವೃದ್ಧರು ಪ್ರಜ್ಞೆ ತಪ್ಪಿದರೆ ನಿದ್ದೆಯೆಂದು ಭಾವಿಸುವ ಅಪಾಯವುಂಟು. ಹೊಸ ದಾದಿ ಬಂದ ದಿನ ಬಾಟಲಿ, ಸಿರಿಂಜು ಎರಡನ್ನೂ ಮುಂದಿಟ್ಟು ಅಳತೆ ತೋರಿಸೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಹಾಸನದಿಂದಲೋ ಧಾರವಾಡದಿಂದಲೋ ಮಗನ ಮನೆಗೆ ಬಂದ ಅಜ್ಜಿಗೆ ಹಿಂದಿ ಬಾರದು. ಜಾರ್ಖಂಡಿನಿಂದ ಬಂದ ಹುಡುಗಿಗೆ ಕನ್ನಡ ಬಾರದು. ನಲವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಹಿಂದಿ, ಇಂಗ್ಲಿಷು ಆಡಿದ ಯಜಮಾನರು ಕೂಡ ಮರೆವಿನ ಕಾಯಿಲೆ ಬಂದಾಗ ಬಾಲ್ಯದ ಕನ್ನಡಕ್ಕೇ ಹಿಂದಿರುಗುವುದುಂಟು. ‘ಎದೆ ಹಿಡಿದಂತಾಗುತ್ತದೆ’ ಎಂದು ಅವರು ಹೇಳಿದರೆ ಕೇಳುವವಳಿಗೆ ಅದು ಬರೀ ಗೊಣಗು. ಬೇಡವೆಂದು ಕೈಯಾಡಿಸಿದರೆ ಹಟಮಾರಿ ಎಂಬ ಹೆಸರು. ಶುಶ್ರೂಷೆಯ ಗುಣಮಟ್ಟವನ್ನು ಅಳೆಯುವ ಯಾವ ಪಟ್ಟಿಯಲ್ಲೂ ಈ ಅಂಶ ಮೇಲಿನ ಸಾಲಿನಲ್ಲಿರುವುದಿಲ್ಲ, ಇರಬೇಕಾಗಿತ್ತು. ನೋವು, ನೀರು, ಉಸಿರು, ತಲೆಸುತ್ತು, ಚಳಿ, ಹೊಟ್ಟೆ, ಸಾಕು ಇಂಥ ಮೂವತ್ತು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಅರ್ಥ ಸೇರಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿದರೆ ಒಂದು ವಾರದಲ್ಲಿ ಆ ಹುಡುಗಿಯೇ ‘ಅಜ್ಜಿ, ನೋವಾ?’ ಎಂದು ಕೇಳತೊಡಗುತ್ತಾಳೆ.

ಆ ಹುಡುಗಿಯ ಸ್ಥಿತಿಯನ್ನೂ ನೋಡದೆ ಈ ಮಾತು ಪೂರ್ಣವಾಗದು. ಹನ್ನೆರಡು ಗಂಟೆಯ ಪಾಳಿ. ಕೆಲವು ಮನೆಗಳಲ್ಲಿ ಇಪ್ಪತ್ತನಾಲ್ಕು ಗಂಟೆ. ಕಿರಿದಾದ ಮಹಡಿ ಮನೆಯಲ್ಲಿ ಅವಳಿಗೆ ಕೂಡಲು ಸ್ಟೂಲು, ಒರಗಲು ಗೋಡೆ. ಮನೆಯವರು ಕೊಡುವ ಹಣದಲ್ಲಿ ಬ್ಯೂರೋ ತನ್ನ ಪಾಲು ಹಿಡಿದು ಉಳಿದುದು ಅವಳಿಗೆ. ರಾತ್ರಿಯಿಡೀ ಎಚ್ಚರವಿದ್ದು ಹಗಲೂ ದುಡಿಯುವವಳು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿಯಾಳೆಂಬ ನಿರೀಕ್ಷೆ ಅತಿಯಾಯಿತು. ರೋಗಿಯ ಸುರಕ್ಷೆಯನ್ನು ಬಯಸುವವರು ಅವಳ ನಿದ್ದೆಯ ಲೆಕ್ಕವನ್ನೂ ಇಡತಕ್ಕದ್ದು.

ಸರಕಾರ ಎಚ್ಚೆತ್ತುಕೊಳ್ಳುವವರೆಗೆ ಕನ್ನಡ ಸಂಘಗಳು ಸುಮ್ಮನಿರಬೇಕಾಗಿಲ್ಲ. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುವ ಶಕ್ತಿಯಿರುವ ಸಂಘಕ್ಕೆ ಒಂದು ದಪ್ಪ ನೋಟ್‌ಪುಸ್ತಕ ಇಡುವುದು ಕಷ್ಟವೇನಲ್ಲ. ಯಾವ ಬ್ಯೂರೋ ನೋಂದಣಿ ಸಂಖ್ಯೆ ಕೊಟ್ಟಿತು, ಯಾವುದು ಕೊಡಲಿಲ್ಲ. ದಾದಿ ರಜೆ ಹಾಕಿದ ದಿನ ಬದಲಿ ಬಂದರೇ. ಹುಣ್ಣಾದಾಗ ಮುಚ್ಚಿಟ್ಟರೇ, ತಿಳಿಸಿದರೇ. ಕರಾರು ಬರಹದಲ್ಲಿತ್ತೇ, ರಸೀದಿ ದೊರೆಯಿತೇ ಎಂಬುದನ್ನು ಪ್ರತಿ ಕುಟುಂಬವೂ ಅದರಲ್ಲಿ ಬರೆಸಬೇಕು. ರಸೀದಿಯಿದ್ದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಲೂ ಆಧಾರವಾಗುತ್ತದೆ. ದೆಹಲಿಯಲ್ಲಿ ನಿವೃತ್ತ ಕನ್ನಡ ದಾದಿಯರೂ ವೈದ್ಯರೂ ಇದ್ದಾರೆ. ಅವರಲ್ಲಿ ಇಬ್ಬರು ತಿಂಗಳಿಗೊಂದು ಭಾನುವಾರ ಇಂಥ ನಾಲ್ಕು ಮನೆಗಳಿಗೆ ಹೋಗಿ ಹೊದಿಕೆ ಸರಿಸಿ ನೋಡಿ ಬರಬಹುದು. ಒಂಟಿಯಾಗಿರುವ ವೃದ್ಧರ ಮನೆಯ ಬಾಗಿಲ ಹಿಂದೆ, ದಪ್ಪ ಅಕ್ಷರದಲ್ಲಿ, ದೆಹಲಿ ಪೋಲೀಸರ ಹಿರಿಯ ನಾಗರಿಕರ ಸಹಾಯವಾಣಿ 1291 ಮತ್ತು ರಾಷ್ಟ್ರೀಯ ಸಹಾಯವಾಣಿ 14567 ಇವೆರಡನ್ನೂ ಅವರೇ ಅಂಟಿಸಿ ಬರಲಿ.