ಮೇಷ್ಟ್ರುಗಳ ರಾಜ್ಯದಲ್ಲಿ ನಮ್ಮ ಕುರ್ಚಿ ಎಲ್ಲಿ?

ಹಾಸ್ಟೆಲಿನ ಗೆಳೆಯರೆ,

ವಿಶ್ವವಿದ್ಯಾಲಯವನ್ನು ಮೇಷ್ಟ್ರುಗಳೇ ಆಳಬೇಕು, ಸರ್ಕಾರ ಕೈ ಹಾಕಬಾರದು ಅಂತ ದೊಡ್ಡ ಪ್ರೊಫೆಸರುಗಳು ಭಾಷಣ ಬಿಗಿಯುತ್ತಾರೆ. ನಾವೂ ಒಪ್ಪುತ್ತೇವೆ. ಮಂತ್ರಿಯ ಚೀಟಿ ಹಿಡಿದು ಬಂದವನು ಪಾಠ ಏನಿರಬೇಕು ಅಂತ ಹೇಳಕೂಡದು. ಆದರೆ ಒಂದು ಪ್ರಶ್ನೆ: ಆಳುವ ಆ ಮೇಷ್ಟ್ರುಗಳು ಯಾರು?

ಪಠ್ಯ ಗೊತ್ತುಮಾಡುವುದು ಅಧ್ಯಯನ ಮಂಡಳಿ. ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತುವುದು ಅಕಾಡೆಮಿಕ್ ಕೌನ್ಸಿಲ್. ಹಣ, ನೇಮಕ ಎಲ್ಲಾ ಸಿಂಡಿಕೇಟಿನ ಕೈಲಿ, ಕೇಂದ್ರೀಯ ವಿ.ವಿ.ಗಳಲ್ಲಿ ಅದರ ಹೆಸರು ಕಾರ್ಯಕಾರಿ ಮಂಡಳಿ. ಇಲ್ಲಿ ಮೇಷ್ಟ್ರುಗಳ ಪಾಲಿನ ಕುರ್ಚಿಗೆ ಏರಬೇಕಾದರೆ ಮೊದಲು ಮೇಷ್ಟ್ರಾಗಬೇಕು. ಆ ಮೊದಲ ಮೆಟ್ಟಿಲನ್ನೇ ಕಿತ್ತರೆ?

ಕಿತ್ತದ್ದೂ ಉಂಟು. ಮೀಸಲಾತಿಯನ್ನು ಇಡೀ ವಿ.ವಿ.ಗೆ ಬೇಡ, ವಿಭಾಗವಾರು ಲೆಕ್ಕ ಹಾಕಿ ಅಂತ 2017ರಲ್ಲಿ ಅಲಹಾಬಾದ್ ಹೈಕೋರ್ಟು ಹೇಳಿತು. 2018ರ ಮಾರ್ಚಿನಲ್ಲಿ ಯು.ಜಿ.ಸಿ. ಸುತ್ತೋಲೆ ಹೊರಡಿಸಿತು. ಆ 13 ಬಿಂದುಗಳ ರೋಸ್ಟರಿನಲ್ಲಿ ಪರಿಶಿಷ್ಟ ಜಾತಿಗೆ 7ನೇ ಹುದ್ದೆ, ಪರಿಶಿಷ್ಟ ಪಂಗಡಕ್ಕೆ 14ನೇದು. ಆರೇ ಹುದ್ದೆಯ ವಿಭಾಗದಲ್ಲಿ ಯಾರೋ ನಿವೃತ್ತಿಯಾಗಿ ಎದ್ದು ಹೋಗುವ ತನಕ ನಾವು ಬಾಗಿಲಲ್ಲೇ ನಿಂತಿರಬೇಕು. ಊರಲ್ಲಿ ನಿಂತಿದ್ದು ಸಾಲದೇ?

ಜನ ಬೀದಿಗಿಳಿದರು. 2019ರ ಮಾರ್ಚ್ 5ರಂದು ಭಾರತ ಬಂದ್. ಎರಡು ದಿನಕ್ಕೆ ಸುಗ್ರೀವಾಜ್ಞೆ. ಆ ವರ್ಷವೇ ಕಾಯಿದೆ ಬಂತು, ಕೇಂದ್ರದ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಮತ್ತೆ ಒಂದು ಘಟಕವಾಯಿತು. ಈ ಹಕ್ಕು ಯಾವ ಕೌನ್ಸಿಲ್ಲೂ ಕೊಟ್ಟಿದ್ದಲ್ಲ, ಬೀದಿ ಕೊಟ್ಟಿದ್ದು.

1927ರಲ್ಲಿ ಮುಂಬೈ ವಿ.ವಿ. ಕಾಯಿದೆಯ ತಿದ್ದುಪಡಿ ಚರ್ಚೆಗೆ ಬಂದಾಗ ಬಾಬಾಸಾಹೇಬರು ಶಾಸನ ಸಭೆಯಲ್ಲಿ ಎದ್ದು ನಿಂತು, ಸೆನೆಟ್ಟಿನಲ್ಲಿ ಹಿಂದುಳಿದವರಿಗೆ ತಕ್ಕ ಪ್ರಾತಿನಿಧ್ಯ ಬೇಕೆಂದು ವಾದಿಸಿದರು. ಕಲಿಯುವ ಹಕ್ಕಿನ ಜೊತೆಗೇ ಆಳುವ ಹಕ್ಕನ್ನೂ ಕೇಳಿದರು. ನಾವು ಮಾತ್ರ ಸೀಟು ಸಿಕ್ಕಿತು, ಸ್ಕಾಲರ್‌ಷಿಪ್ ಬಂತು ಅಂತ ಸುಮ್ಮನಾಗಿಬಿಟ್ಟೆವು.

ಈಗಲೂ ಹುದ್ದೆ ಕರೆಯುತ್ತಾರೆ, ಸಂದರ್ಶನ ಮಾಡುತ್ತಾರೆ, 'ಯೋಗ್ಯರು ಸಿಗಲಿಲ್ಲ' ಅಂತ ಬರೆದು ಫೈಲು ಮುಚ್ಚುತ್ತಾರೆ. ಯೋಗ್ಯತೆ ಅಳೆಯುವ ಸೇರು ಯಾರ ಮನೇದು ಸ್ವಾಮಿ? ಇನ್ನು ನಮ್ಮವರೇ ಕೆಲವರು ಕೌನ್ಸಿಲ್ಲಿನಲ್ಲಿ ಕೂತು, ಕಾಫಿ ಕುಡಿದು, ಸಹಿ ಹಾಕಿ ಎದ್ದು ಬರುತ್ತಾರೆ. ಅಣ್ಣಂದಿರೆ, ಆ ಕುರ್ಚಿ ನಿಮ್ಮೊಬ್ಬರದಲ್ಲ. ಬಂದ್ ಮಾಡಿದವರ ಬೆವರು ಅದರಲ್ಲಿದೆ. ಬಾಯಿ ಬಿಡಿ.

ನಾವು ಕೇಳೋದು ಇಷ್ಟೇ: ರೋಸ್ಟರ್ ಪುಸ್ತಕ ಎಲ್ಲರ ಕಣ್ಣಿಗೆ ಬೀಳಲಿ. ಸಭೆಯ ನಡಾವಳಿ ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಬರಲಿ. ಯೋಗ್ಯರಲ್ಲ ಅಂದವರು ಯಾಕಲ್ಲ ಅಂತ ಕಾರಣ ಬರೆಯಲಿ.

ಅಲ್ಲೀತನಕ ನಿಮ್ಮ ಸ್ವಾಯತ್ತತೆ ಅಗ್ರಹಾರದ ಸ್ವಾಯತ್ತತೆ.