ಪುಟ್ಟ ರೈಲು ಬಸ್ಸಿಗೂ ಒಂದು ಮಾದರಿ ಬೇಕು

ಮಕ್ಕಳೇ, ಯೂರೋಪಿನ ದೇಶಗಳಲ್ಲಿ ಮಾದರಿ ರೈಲು ಕೂಡಿಸುವುದು ಒಂದು ದೊಡ್ಡ ಹವ್ಯಾಸ. ಜಾತ್ರೆಯಲ್ಲಿ ಸಿಗುವ ಕೀಲಿ ಕೊಡುವ ರೈಲಲ್ಲ ಇದು. ನಿಜವಾದ ರೈಲನ್ನು ಅಳೆದು, ಅದರ ಎಲ್ಲ ಭಾಗಗಳನ್ನೂ ಒಂದೇ ಪ್ರಮಾಣದಲ್ಲಿ ಕಿರಿದು ಮಾಡಿ, ಪುಟ್ಟ ವಿದ್ಯುತ್ ಮೋಟಾರಿನಿಂದ ಓಡಿಸುವ ರೈಲು. ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:87. ಅಂದರೆ ನಿಜವಾದ ರೈಲಿನ 87 ಸೆಂ.ಮೀ. ಮಾದರಿಯಲ್ಲಿ ಬರೀ 1 ಸೆಂ.ಮೀ. ಜರ್ಮನಿಯಲ್ಲಿ ಎರಡು ಹಳಿಗಳ ನಡುವಿನ ಅಂತರ 1435 ಮಿ.ಮೀ. ಇದನ್ನು 87ರಿಂದ ಭಾಗಿಸಿ ನೋಡಿ. ಸುಮಾರು 16.5 ಮಿ.ಮೀ. ಬರುತ್ತದೆ. ಮಾದರಿ ಹಳಿಯ ಅಂತರವೂ ಅಷ್ಟೇ.

ಇಂಥ ಮಾದರಿಗಳನ್ನು ತಯಾರಿಸುವವರಿಗೆ ದೊಡ್ಡ ಎಂಜಿನ್‌ಗಳ ಮೇಲೆ ಬಹಳ ಪ್ರೀತಿ. ಉಗಿ ಉಗುಳುವ ಎಕ್ಸ್‌ಪ್ರೆಸ್, ಹತ್ತು ಬೋಗಿ ಎಳೆಯುವ ವಿದ್ಯುತ್ ಎಂಜಿನ್. ನೋಡಲು ಚೆನ್ನ, ಒಪ್ಪುತ್ತೇನೆ. ಆದರೆ ಮಾದರಿ ಮಾಡಲು ಅತ್ಯಂತ ಯೋಗ್ಯವಾದ ವಾಹನ ಯಾವುದು ಎಂದು ನನ್ನನ್ನು ಕೇಳಿದರೆ, ನಾಲ್ಕೇ ಗಾಲಿಗಳ ರೈಲು ಬಸ್ ಎನ್ನುತ್ತೇನೆ.

ರೈಲು ಬಸ್ ಎಂದರೇನು? ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಹಳ್ಳಿಗಾಡಿನ ರೈಲು ಮಾರ್ಗಗಳಿಗೆ ಒಂದು ತೊಂದರೆ ಬಂತು. ಪ್ರಯಾಣಿಕರು ಕಡಿಮೆ, ಖರ್ಚು ಜಾಸ್ತಿ. ಇಪ್ಪತ್ತು ಜನರನ್ನು ಕರೆದೊಯ್ಯಲು ಉಗಿ ಎಂಜಿನ್ನಿಗೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಿ ಕಾಯಿಸಬೇಕಿತ್ತು. ಯೂರ್ಡಿಂಗನ್ ಎಂಬ ಊರಿನ ಬೋಗಿ ಕಾರ್ಖಾನೆ ಇದಕ್ಕೆ ಸರಳ ಉಪಾಯ ಕಂಡುಕೊಂಡಿತು. ಬಸ್ಸಿನಂಥ ಹಗುರವಾದ ಒಂದು ಪೆಟ್ಟಿಗೆ, ಅದರ ನೆಲದ ಕೆಳಗೆ ರಸ್ತೆ ವಾಹನದ ಡೀಸೆಲ್ ಎಂಜಿನ್, ನಾಲ್ಕು ಗಾಲಿ. 1950ರಲ್ಲಿ ಮೊದಲ ಪ್ರಯೋಗದ ವಾಹನಗಳು ಓಡಿದವು. ಬಳಿಕ ಕೆಂಪು ಬಣ್ಣದ ಈ ರೈಲು ಬಸ್ಸುಗಳು ನೂರಾರು ಸಂಖ್ಯೆಯಲ್ಲಿ ತಯಾರಾದವು. ಮುಚ್ಚಿಹೋಗಬೇಕಾಗಿದ್ದ ಎಷ್ಟೋ ಮಾರ್ಗಗಳು ಇವುಗಳಿಂದಾಗಿ ಇನ್ನಷ್ಟು ವರ್ಷ ಬದುಕಿದವು. ಜರ್ಮನಿಯ ರೈಲ್ವೆ ಕೊನೆಯವನ್ನು ಸೇವೆಯಿಂದ ನಿಲ್ಲಿಸಿದ್ದು 2000ದಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಈ ರೈಲು ಬಸ್ಸಿನ ಉದ್ದ ಸುಮಾರು 14 ಮೀಟರ್. 1:87ರಲ್ಲಿ ಅದು 16 ಸೆಂ.ಮೀ. ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿಗಿಂತ ಒಂದೇ ಸೆಂ.ಮೀ. ಹೆಚ್ಚು! ಅಷ್ಟರಲ್ಲೇ ಒಂದು ಇಡೀ ರೈಲು ಮುಗಿಯಿತು. ಜರ್ಮನಿಯ ಎಕ್ಸ್‌ಪ್ರೆಸ್ ಬೋಗಿ 26.4 ಮೀಟರ್ ಉದ್ದ. ಮಾದರಿಯಲ್ಲಿ ಒಂದೊಂದು ಬೋಗಿಯೂ 30 ಸೆಂ.ಮೀ. ಎಂಜಿನ್ ಮತ್ತು ಆರು ಬೋಗಿ ಸೇರಿದರೆ ಎರಡು ಮೀಟರ್. ಅದನ್ನು ಯಾರ ಮನೆಯ ಮೇಜಿನ ಮೇಲೆ ಓಡಿಸುತ್ತೀರಿ?

ಓಡಿಸಿದರೂ ತಿರುವಿನಲ್ಲಿ ಗುಟ್ಟು ರಟ್ಟಾಗುತ್ತದೆ. ಮಾದರಿ ಹಳಿಯ ತಿರುವಿನ ತ್ರಿಜ್ಯ ಅನೇಕ ಮನೆಗಳಲ್ಲಿ 36 ಸೆಂ.ಮೀ. ಇದನ್ನು 87ರಿಂದ ಗುಣಿಸಿದರೆ ಸುಮಾರು 31 ಮೀಟರ್ ಆಯಿತು. ಎಕ್ಸ್‌ಪ್ರೆಸ್ ಓಡುವ ನಿಜವಾದ ಮಾರ್ಗದಲ್ಲಿ ಇಷ್ಟು ಕಡಿದಾದ ತಿರುವು ಇರುವುದಿಲ್ಲ. ಅಲ್ಲಿ ತ್ರಿಜ್ಯ ನೂರಾರು ಮೀಟರ್. ಹಾಗಾಗಿ ಉದ್ದನೆಯ ಬೋಗಿ ಈ ಪುಟ್ಟ ತಿರುವಿನಲ್ಲಿ ಹೋಗುವಾಗ ಅದರ ಹೊಟ್ಟೆ ಹಳಿಯಿಂದ ಸುಮಾರು 17 ಮಿ.ಮೀ. ಒಳಕ್ಕೆ ಸರಿಯುತ್ತದೆ. ಹಳಿಗಳ ನಡುವಿನ ಅಂತರವೇ ಹದಿನಾರೂವರೆ ಎಂಬುದು ನೆನಪಿದೆಯಲ್ಲ? ಇದನ್ನು ಮರೆಮಾಡಲು ಎಷ್ಟೋ ತಯಾರಕರು ಬೋಗಿಯ ಉದ್ದವನ್ನೇ ಕತ್ತರಿಸಿ ಮಾರಿದ್ದಾರೆ. ಅದು ಪ್ರಮಾಣಬದ್ಧ ಮಾದರಿ ಹೇಗಾದೀತು? ರೈಲು ಬಸ್ಸಿನ ಹಿಂದಿನ ಮತ್ತು ಮುಂದಿನ ಗಾಲಿಗಳ ನಡುವೆ ಇರುವುದು 6 ಮೀಟರ್, ಮಾದರಿಯಲ್ಲಿ 69 ಮಿ.ಮೀ. ಅದೇ ತಿರುವಿನಲ್ಲಿ ಅದು ಸರಿಯುವುದು ಎರಡು ಮಿ.ಮೀ. ಕೂಡ ಇಲ್ಲ. ಕಾಗದದ ಮೇಲೆ ಕೈವಾರದಿಂದ ವೃತ್ತ ಎಳೆದು ನೀವೇ ಪರೀಕ್ಷಿಸಬಹುದು.

ಹಾಗಾದರೆ ರೈಲು ಬಸ್ ಮಾಡುವುದು ಸುಲಭವೇ? ಇಲ್ಲ, ಬಹಳ ಕಷ್ಟ! ನನಗೆ ಅದು ಇಷ್ಟವಾಗಲು ಇದೇ ದೊಡ್ಡ ಕಾರಣ.

ಮೊದಲು ತೂಕ. ನಿಜವಾದ ರೈಲು ಬಸ್ 20 ಟನ್ ಇದೆ ಎಂದಿಟ್ಟುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕಡಿಮೆಯಾದರೆ ಗಾತ್ರ 87 × 87 × 87, ಅಂದರೆ 6,58,503 ಪಟ್ಟು ಕಡಿಮೆಯಾಗುತ್ತದೆ. ತೂಕವೂ ಅದೇ ಪ್ರಮಾಣದಲ್ಲಿ ಇಳಿದರೆ ಉಳಿಯುವುದು ಸುಮಾರು 30 ಗ್ರಾಂ, ಕೋಳಿಮೊಟ್ಟೆಗಿಂತ ಕಡಿಮೆ. ಇಷ್ಟು ಹಗುರವಾದರೆ ಗಾಲಿಗೂ ಹಳಿಗೂ ಸಾಕಷ್ಟು ಘರ್ಷಣೆ ಇರದು, ವಿದ್ಯುತ್ತೂ ಸರಿಯಾಗಿ ಹರಿಯದು. ಆದ್ದರಿಂದ ಒಳಗೆ ಲೋಹದ ತುಂಡು ಇಡಬೇಕು. ಎಲ್ಲಿ ಇಡುವುದು? ಎಂಜಿನ್ನಿನ ಮಾದರಿಯಾದರೆ ಒಳಗೆಲ್ಲ ಮೋಟಾರು ತುಂಬಿದರೂ ಹೊರಗೆ ಕಾಣಿಸದು. ರೈಲು ಬಸ್ಸಿಗೆ ಸುತ್ತಲೂ ಕಿಟಕಿ. ಒಳಗೆ ಸೀಟು ಕಾಣಬೇಕು, ಆ ಕಡೆಯ ಬೆಳಕು ಈ ಕಡೆಗೆ ಬರಬೇಕು. ಕಿಟಕಿಯಲ್ಲಿ ಮೋಟಾರು ಇಣುಕಿದರೆ ಮಾದರಿ ಕೆಟ್ಟಂತೆಯೇ. ಒಳ್ಳೆಯ ತಯಾರಕರು ಚಪ್ಪಟೆ ಮೋಟಾರನ್ನು ನೆಲದ ಕೆಳಗೆ ಅಡಗಿಸುತ್ತಾರೆ. ನಿಜವಾದ ರೈಲು ಬಸ್ಸಿನಲ್ಲಿ ಎಂಜಿನ್ ಇದ್ದದ್ದೂ ಅಲ್ಲೇ ತಾನೆ!

ಇನ್ನು ಗಾಲಿ. ಬಹುತೇಕ ಮಾದರಿಗಳಲ್ಲಿ ಒಂದು ಹಳಿ ಒಂದು ತಂತಿಯಂತೆ, ಇನ್ನೊಂದು ಹಳಿ ಇನ್ನೊಂದು ತಂತಿಯಂತೆ ಕೆಲಸ ಮಾಡುತ್ತದೆ. ಗಾಲಿಗಳ ಮೂಲಕವೇ ವಿದ್ಯುನ್ಮಂಡಲ ಪೂರ್ತಿಯಾಗುತ್ತದೆ. ನಾಲ್ಕು ಕಾಲಿನ ಸ್ಟೂಲು ಏರುತಗ್ಗಿನ ನೆಲದ ಮೇಲೆ ಅಲುಗಾಡುವುದನ್ನು ನೋಡಿದ್ದೀರಿ. ರೈಲು ಬಸ್ಸಿನಲ್ಲೂ ಹಾಗೆಯೇ. ಒಂದು ಗಾಲಿ ಕೂದಲೆಳೆಯಷ್ಟು ಮೇಲೆದ್ದರೆ ಆ ಕಡೆ ಉಳಿಯುವುದು ಒಂದೇ ಗಾಲಿ. ಅದರ ಕೆಳಗೆ ಧೂಳು ಸಿಕ್ಕಿದರೆ ಬಂಡಿ ನಿಂತೇಬಿಡುತ್ತದೆ. ಮೂರು ಕಾಲಿನ ಸ್ಟೂಲು ಅಲುಗಾಡುವುದಿಲ್ಲವಲ್ಲ? ಆ ತತ್ವದಂತೆ ಒಂದು ಜೋಡಿ ಗಾಲಿಯನ್ನು ನಡುವಿನ ಒಂದೇ ಬಿಂದುವಿನ ಮೇಲೆ ತಕ್ಕಡಿಯಂತೆ ತೂಗುವ ಹಾಗೆ ಕೂರಿಸಿದರೆ ನಾಲ್ಕೂ ಗಾಲಿ ಹಳಿಯನ್ನು ಮುಟ್ಟುತ್ತವೆ. ಜಾರದಿರಲಿ ಎಂದು ಗಾಲಿಗೆ ರಬ್ಬರ್ ಉಂಗುರ ತೊಡಿಸುವುದೂ ಉಂಟು. ಆದರೆ ರಬ್ಬರ್ ಅವಾಹಕ! ಎಡಕ್ಕೊಂದು ಬಲಕ್ಕೊಂದು ರಬ್ಬರ್ ಹಾಕಿದರೆ ವಿದ್ಯುತ್ ಹಿಡಿಯಲು ಉಳಿಯುವುದು ಎರಡೇ ಗಾಲಿ. ಹಿಡಿತ ಬೇಕೋ, ವಿದ್ಯುತ್ ಬೇಕೋ? ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿಯ ಹಳಿಗಳ ನಡುವೆ ಸಾಲು ಮೊಳೆಗಳಿದ್ದು, ಬಂಡಿಯ ಅಡಿಯಲ್ಲಿರುವ ಉದ್ದನೆಯ ಲೋಹದ ಪಟ್ಟಿ ಅವುಗಳನ್ನು ಸವರುತ್ತಾ ಹೋಗುತ್ತದೆ. ಹಾಗಾಗಿ ಅವರ ರೈಲು ಬಸ್ಸಿಗೆ ಈ ಕಷ್ಟ ಕಡಿಮೆ.

ತಯಾರಕರ ವಾದವನ್ನೂ ಕೇಳಬೇಕು. ಬಂಡಿ ಚಿಕ್ಕದಾದರೂ ಉಕ್ಕಿನ ಅಚ್ಚು ಕೊರೆಯುವ ಖರ್ಚು ಅರ್ಧವಾಗುವುದಿಲ್ಲ. ಕೊಳ್ಳುವವರು ಮಾತ್ರ "ಇಷ್ಟು ಸಣ್ಣದಕ್ಕೆ ಇಷ್ಟು ದುಡ್ಡೇ?" ಎನ್ನುತ್ತಾರೆ. ವಾದ ನ್ಯಾಯವಾದದ್ದೇ. ಆದರೂ ಡೆನ್ಮಾರ್ಕಿನ ಹೆಲ್ಯಾನ್ ಎಂಬ ಕಂಪನಿ ಬ್ರಿಟನ್ನಿನ ಏ.ಸಿ. ಕಾರ್ಸ್ ರೈಲು ಬಸ್ಸಿನ ಮಾದರಿ ಮಾಡಿತು. 1958ರ ಆ ರೈಲು ಬಸ್ಸುಗಳು ಇದ್ದದ್ದು ಐದೇ ಐದು. 1968ರ ಹೊತ್ತಿಗೆ ಅವೆಲ್ಲ ಸೇವೆಯಿಂದ ಹೊರಬಿದ್ದಿದ್ದವು. ಐದೇ ಇದ್ದ ವಾಹನಕ್ಕೆ ಅಚ್ಚು ಕೊರೆಯಬಹುದಾದರೆ ನಮ್ಮದಕ್ಕೆ ಏಕಾಗದು?

ಹೌದು, ನಮ್ಮಲ್ಲೂ ರೈಲು ಬಸ್ ಇತ್ತು. ಬೆಂಗಳೂರಿನ ಬಿ.ಇ.ಎಂ.ಎಲ್. ಕಾರ್ಖಾನೆ ರೈಲು ಬಸ್ಸುಗಳನ್ನು ತಯಾರಿಸಿತ್ತು. ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೀಟರ್ ಗೇಜ್ ಆಗಿದ್ದಾಗ ಅಲ್ಲಿ ರೈಲು ಬಸ್ ಓಡುತ್ತಿತ್ತು. ಬಂಗಾರಪೇಟೆ–ಕೋಲಾರದ ನಡುವೆಯೂ ಓಡಿತ್ತು. ತಾಳಗುಪ್ಪದ ಹಳಿ ಈಗ ಬ್ರಾಡ್ ಗೇಜ್ ಆಗಿದೆ, ದೊಡ್ಡ ರೈಲುಗಳು ಬರುತ್ತವೆ. ಅದು ಸಂತೋಷವೇ. ಆದರೆ ಆ ಪುಟ್ಟ ಬಂಡಿ ಹೇಗಿತ್ತು ಎಂದು ಇಂದಿನ ಐದನೇ ತರಗತಿಯ ಮಗುವಿಗೆ ಯಾವುದನ್ನು ತೋರಿಸೋಣ? ಎಕ್ಸ್‌ಪ್ರೆಸ್ಸುಗಳನ್ನಷ್ಟೇ ಮಾದರಿ ಮಾಡಿ ಕಪಾಟಿನಲ್ಲಿಟ್ಟರೆ, ಸಂತೆಗೆ, ಶಾಲೆಗೆ, ನೆಂಟರ ಮನೆಗೆ ಜನ ಹೋಗುತ್ತಿದ್ದ ರೈಲು ಅಜ್ಜನ ಬಾಯಿಮಾತಿನಲ್ಲಿ ಮಾತ್ರ ಉಳಿಯುತ್ತದೆ. ಮೀಟರ್ ಗೇಜ್ ಅಂತರವನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಸ್ವಿಟ್ಜರ್‌ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿಗಾಗಿ 12 ಮಿ.ಮೀ. ಹಳಿ ಆಗಲೇ ತಯಾರಾಗುತ್ತಿದೆ. ನಮ್ಮ ಬಂಡಿ ಅದರ ಮೇಲೆ ಓಡಬಲ್ಲದು.

ಕಂಪನಿಗಳು ಮಾಡುವವರೆಗೆ ನೀವು ರಟ್ಟಿನಲ್ಲಿ 1:50 ಪ್ರಮಾಣದಲ್ಲಿ ಮಾಡಬಹುದು. ಸಾಗರ, ತಾಳಗುಪ್ಪ, ಕೋಲಾರದ ಕಡೆಯ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ: ಬಣ್ಣ ಯಾವುದಿತ್ತು, ಬಾಗಿಲು ಎಲ್ಲಿತ್ತು, ಒಂದು ಸಾಲಿನಲ್ಲಿ ಎಷ್ಟು ಜನ ಕೂರುತ್ತಿದ್ದರು, ಕಿಟಕಿ ಎಷ್ಟು. ಹಳೆಯ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಹಳಿಯೂ ಕಾಣುತ್ತಿದ್ದರೆ ಉಳಿದ ಅಳತೆಗಳನ್ನು ಅಂದಾಜು ಮಾಡಲು ಅದನ್ನೇ ಆಧಾರವಾಗಿಟ್ಟುಕೊಳ್ಳಿ. ತಾಳಗುಪ್ಪದ ಫೋಟೋ ಆದರೆ ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್.