ನೇತ್ರ ಶಿಬಿರದಲ್ಲಿ ಯಾರೂ ಕೇಳದ ಪ್ರಶ್ನೆ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರಕ್ಕೆ ಖಾಯಂ ಸ್ಥಾನವಿದೆ. ದೀಪ ಪ್ರಜ್ವಲನೆ, ಸ್ವಾಗತ, ಹೂಗುಚ್ಛ ಮುಗಿದ ಮೇಲೆ ಬಂದವರು ಗೋಡೆಯ ಮೇಲಿನ ಅಕ್ಷರ ಓದುತ್ತಾರೆ, ಚಾಳೀಸು ಪಡೆಯುತ್ತಾರೆ. ಪೊರೆ ಬಂದವರ ಹೆಸರನ್ನು ಶಸ್ತ್ರಚಿಕಿತ್ಸೆಗೆ ಬರೆದುಕೊಳ್ಳಲಾಗುತ್ತದೆ. ಸ್ತುತ್ಯರ್ಹ ಕಾರ್ಯವೇ ಸರಿ. ಆದರೆ ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿರುವವರು, ಎಚ್‌ಐವಿ ಸೋಂಕಿತರು ಅದೇ ಸಾಲಿನಲ್ಲಿ ನಿಂತಿರಬಹುದೆಂಬ ಯೋಚನೆ ಸಂಘಟಕರಿಗೆ ಬಂದಂತಿಲ್ಲ.

ಸೈಟೊಮೆಗಾಲೊ ಎಂಬ ವೈರಾಣು ನಮ್ಮ ದೇಶದ ಬಹುತೇಕರ ದೇಹದಲ್ಲಿ ಸದ್ದಿಲ್ಲದೆ ಅಡಗಿರುತ್ತದೆ. ರೋಗ ನಿರೋಧಕ ಶಕ್ತಿ ತೀರಾ ಕುಗ್ಗಿದಾಗ, ಎಚ್‌ಐವಿ ಇದ್ದವರಲ್ಲಿ ಹೆಚ್ಚಾಗಿ ಸಿಡಿ4 ಎಣಿಕೆ 50ಕ್ಕಿಂತ ಕೆಳಗಿಳಿದಾಗ, ಅದು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ಕಣ್ಣು ಸಾಮಾನ್ಯವಾಗಿ ಕೆಂಪಾಗದು, ನೋಯದು. ಕಪ್ಪು ಚುಕ್ಕೆ ತೇಲಿದಂತೆ, ಮಿಂಚು ಹೊಳೆದಂತೆ, ಒಂದು ಬದಿ ಮಬ್ಬಾದಂತೆ ಅನಿಸಬಹುದು. ಕೆಲವರಿಗೆ ಅದೂ ಇಲ್ಲ. ಕೊನೆಯ ಸಾಲಿನವರೆಗೆ ಸಲೀಸಾಗಿ ಓದಿದವರ ಅಕ್ಷಿಪಟಲದ ಅಂಚಿನಲ್ಲೂ ರೋಗ ಕುಳಿತಿರಬಹುದು. ಹನಿ ಹಾಕಿ ಪಾಪೆ ಅಗಲಿಸಿ ನೋಡಿದರಷ್ಟೇ ಅದು ಪತ್ತೆ.

ಚಿಕಿತ್ಸೆ ಇದೆ. ಗ್ಯಾನ್ಸಿಕ್ಲೊವಿರ್ ಔಷಧವನ್ನು ರಕ್ತನಾಳದ ಮೂಲಕ ಅಥವಾ ನೇರ ಕಣ್ಣಿನೊಳಗೆ ಚುಚ್ಚಿ ಕೊಡುತ್ತಾರೆ. ಕಣ್ಣಿಗೆ ಸೂಜಿ ಎಂದರೆ ಎದೆ ಝಲ್ಲೆನ್ನುವುದು ಸಹಜ. ಮರಗಟ್ಟಿಸುವ ಹನಿ ಹಾಕಿದ ಮೇಲೆ ಅದು ಕ್ಷಣಗಳ ಕೆಲಸ. ಆದರೆ ಅದು ಆ ಕಣ್ಣಿಗಷ್ಟೇ ಕಾವಲು, ಇನ್ನೊಂದು ಕಣ್ಣಿಗಲ್ಲ. ಆದ್ದರಿಂದ ವಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆಯನ್ನೂ ಕೊಡುವುದುಂಟು. ಮಾತ್ರೆ ಬಿಳಿ ರಕ್ತಕಣಗಳನ್ನು ತಗ್ಗಿಸುವುದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ಎಚ್‌ಐವಿ ಔಷಧವಂತೂ 2004ರ ಏಪ್ರಿಲ್‌ನಿಂದ ಸರಕಾರದ ವತಿಯಿಂದ ಉಚಿತ. ಅದರಿಂದ ನಿರೋಧಕ ಶಕ್ತಿ ಮರಳಿದರೆ ಕಣ್ಣಿಗೂ ಬಲ. ಕಸಿಯಾದವರು ಮಾತ್ರ ತಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು, ಇದ್ದ ಕಿಡ್ನಿಯೂ ಹೋದೀತು. ಇಷ್ಟೆಲ್ಲ ಮಾಡಿದರೂ ನಾಶವಾದ ಅಕ್ಷಿಪಟಲ ಮರಳದು, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೆ. ತಡವಾದಷ್ಟೂ ಉಳಿಯುವುದು ಕಡಿಮೆ.

ಊರಿನಿಂದ ಜೊತೆಗೇ ಬಂದ ಇನ್ನೊಂದು ಪದ್ಧತಿ, ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವುದು. ಬೆನ್ನಿನ ಮಾತು ಹಾಗಿರಲಿ, ಹಣೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ. 72 ಗಂಟೆಗಳೊಳಗೆ ಏಸಿಕ್ಲೊವಿರ್‌ನಂಥ ಔಷಧ ಆರಂಭವಾದರೆ ಉತ್ತಮ.

ತಡವಾಗುವುದು ಬಹುಪಾಲು ನಾಚಿಕೆಯಿಂದ. ಎಚ್‌ಐವಿ ಎಂದರೆ ಸಂಬಂಧ ಮುರಿದೀತು, ಸಂಘದಲ್ಲಿ ಪಿಸುಮಾತು ಹಬ್ಬೀತು ಎಂಬ ಭಯ. ಆ ಭಯ ಸುಳ್ಳೆಂದು ಹೇಳುವ ಧೈರ್ಯ ಯಾವ ಪದಾಧಿಕಾರಿಗೂ ಇರಲಾರದು. 2017ರ ಕಾನೂನು ಸೋಂಕಿತರ ಒಪ್ಪಿಗೆಯಿಲ್ಲದೆ ವಿಷಯ ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಹಾಗಾಗಿ ನೋಂದಣಿ ಮೇಜಿನಲ್ಲಿ ಎಲ್ಲರೆದುರು ಕೇಳುವುದು ಸಲ್ಲ, ಫಾರ್ಮಿನಲ್ಲಿ ಕಾಲಂ ಸಹ ಬೇಡ. ಪರದೆಯ ಹಿಂದೆ ವೈದ್ಯರೊಬ್ಬರೇ ಪ್ರತಿಯೊಬ್ಬರನ್ನೂ ಕೇಳಲಿ: ನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆಯಾಗಲಿ ಔಷಧವಾಗಲಿ ಇದೆಯೇ? ಹೌದೆಂದವರ ಪಾಪೆ ಅಗಲಿಸಿ ಅಕ್ಷಿಪಟಲ ನೋಡಲಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಅಂಥವರನ್ನು ಲೋಕಲ್ ರೈಲಿನ ನೂಕುನುಗ್ಗಲಿಗೆ ಬಿಡದೆ ಮನೆ ತಲುಪಿಸಲು ಒಬ್ಬ ಕಾರ್ಯಕರ್ತ, ಒಂದು ರಿಕ್ಷಾದ ಬಾಡಿಗೆ ಸಾಕು. ಹೂಗುಚ್ಛದ ಖರ್ಚಿನಲ್ಲೇ ಅದು ಹೊಂದುತ್ತದೆ.